ಕೈ ಬಿಟ್ಟ ಕ್ಯಾಮೆರಾ

ನಮ್ಮ ಬೀದಿಯವರು ಅವಳನ್ನು ಎದುರಿಗೆ ಸ್ಟುಡಿಯೋ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಫ್ಲ್ಯಾಶ್ ಅನ್ನುತ್ತಿದ್ದರು. ಎರಡನೆಯ ಹೆಸರೂ ಅವಳಿಗೆ ಗೊತ್ತಿತ್ತು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾವಾಗ ಹೊತ್ತೀತು, ಯಾರ ಕಣ್ಣು ಕುಕ್ಕೀತು ಹೇಳುವಂತಿರಲಿಲ್ಲ. ಗಿರಾಕಿಗಳಿಗೂ ರಿಯಾಯಿತಿ ಇರಲಿಲ್ಲ. "ಹೆಗಲು ಇಳಿಸಿ, ನಿಮ್ಮನ್ನ ಯಾರೂ ಜೈಲಿಗೆ ಹಾಕ್ತಿಲ್ಲ" ಅನ್ನುವಳು. "ನಗಬೇಡಿ. ಬರದೇ ಇರೋ ನಗೂನ ಎಳ್ಕೊಂಡು ಬಂದ್ರೆ ಫೋಟೋದಲ್ಲಿ ಹಲ್ಲುನೋವು ಕಾಣುತ್ತೆ" ಅನ್ನುವಳು. ಬೈಸಿಕೊಂಡವರು ಪೆಚ್ಚಾಗಿ ತಮ್ಮ ಮುಖವನ್ನೇ ಮರೆತು ಕೂತ ಗಳಿಗೆಯಲ್ಲಿ ಬಟನ್ ಒತ್ತುವಳು. ಹಾಗೆ ಬಂದ ಫೋಟೋ ನೋಡಿ ಮನೆಯವರು, "ಹೂಂ, ಇದು ನಮ್ಮ ಮಾವನೇ" ಅನ್ನುತ್ತಿದ್ದರು. ಅದಕ್ಕೇ ಜನ ಬೈಸಿಕೊಳ್ಳಲೆಂದೇ ಮತ್ತೆ ಬರುತ್ತಿದ್ದರು.

ಅವಳ ಗಂಡ ಇದಕ್ಕೆ ತದ್ವಿರುದ್ಧ. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ. ಬಂದವರಿಗೆ ಕುರ್ಚಿ ಎಳೆದು ಕೊಡುವುದು, ಕೌಂಟರಿನಲ್ಲಿ ನಗುತ್ತ ಕೂರುವುದು, ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಪ್ರಿಂಟ್ ತೆಗೆಯುವುದು ಅವನ ಕೆಲಸ. "ಪಾಪ, ಆ ಹೆಂಗಸಿನ ಜೊತೆ ಹೇಗೆ ಬಾಳ್ತಾನೋ" ಎಂದು ಬೀದಿ ಅವನ ಪರವಾಗಿ ನಿಟ್ಟುಸಿರು ಬಿಡುತ್ತಿತ್ತು. ಅವನೂ ಆ ಕನಿಕರವನ್ನು ಬೇಡವೆನ್ನದೆ ತೆಗೆದುಕೊಳ್ಳುತ್ತಿದ್ದ.

ಸ್ಟುಡಿಯೋ ದೊಡ್ಡದೇನಲ್ಲ. ಬೀದಿಗೆ ಗಾಜಿನ ಶೋಕೇಸು, ಒಳಗೆ ಕೌಂಟರು, ಅದರ ಹಿಂದೆ ಫೋಟೋ ತೆಗೆಯುವ ಕೋಣೆ. ಅಲ್ಲಿ ಬೂದು ಪರದೆ, ಎರಡು ದೀಪ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಕೂರಲೊಂದು ಕುರ್ಚಿ, ಗೋಡೆಗೆ ಕನ್ನಡಿ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಂತೆ ದಾರ ಕಟ್ಟಿದ ಬಾಚಣಿಗೆ. ಪ್ಲೈವುಡ್ ಗೋಡೆಯ ಆಚೆ ಗಂಡನ ಕಂಪ್ಯೂಟರ್ ಕೋಣೆ. ಮಹಡಿಯ ಮೇಲೆ ಮನೆ, ಅಲ್ಲಿ ಅತ್ತೆ. ಮೊಣಕಾಲು ನೋವಿನಿಂದ ಅವರು ಕೆಳಗಿಳಿಯುವುದು ಕಡಿಮೆ. ಆದರೆ ಕಿವಿ ಮಾತ್ರ ಎರಡು ಮನೆಯಾಚೆಯ ಪಿಸುಮಾತನ್ನೂ ಹಿಡಿಯುತ್ತಿತ್ತು.

ಅವಳದೊಂದು ಪದ್ಧತಿ ಇತ್ತು. ಕುರ್ಚಿಯಲ್ಲಿ ಕೂತವರು ತೀರ ಬಿಗಿಯಾಗಿದ್ದರೆ, ಅಥವಾ ಮುಖ ಬಾಡಿದ್ದರೆ, ಅವಳು ಕ್ಯಾಮೆರಾದಿಂದ ಕೈ ತೆಗೆದು, "ಬಿಟ್ಟಿದ್ದೀನಿ. ಈಗ ಯಾರೂ ಫೋಟೋ ತೆಗೀತಿಲ್ಲ. ಆರಾಮಾಗಿ ಕೂತ್ಕೊಳ್ಳಿ" ಅನ್ನುತ್ತಿದ್ದಳು. ಹಾಗಂದ ಮೇಲೆ ಎದುರಿಗೆ ಎಂಥ ಚೆಂದದ ಮುಖ ಅರಳಿದರೂ ಅವಳ ಕೈ ಬಟನ್ನಿನತ್ತ ಹೋಗುತ್ತಿರಲಿಲ್ಲ. ಮದುವೆ ನಿಂತುಹೋದವರು, ಕೆಲಸ ಕಳೆದುಕೊಂಡವರು, ಮನೆಯಲ್ಲಿ ಜಗಳವಾಡಿಕೊಂಡು ನೇರ ಇಲ್ಲಿಗೆ ಬಂದವರು ಆ ಕುರ್ಚಿಯಲ್ಲಿ ಕೂತು ಅವಳಿಗೆ ಏನೇನೋ ಹೇಳಿಕೊಂಡಿದ್ದಾರೆ. ಒಂದೂ ಆಚೆ ಬಂದಿಲ್ಲ. ಬೈಗುಳದ ಬಾಯಿ ಅದೊಂದು ವಿಷಯದಲ್ಲಿ ಬೀಗ ಹಾಕಿದ ಪೆಟ್ಟಿಗೆ.

ಒಂದು ದಿನ ಗಂಡ ಹೊಸ ಕ್ಯಾಮೆರಾ ತಂದ. ಅದು ತಂತಿಯಿಲ್ಲದೆಯೇ ಕಂಪ್ಯೂಟರಿನ ಜೊತೆ ಮಾತಾಡುತ್ತಿತ್ತು. ಅವಳು ಈಚೆ ತೆಗೆದ ಫೋಟೋ ಆಚೆ ಕೋಣೆಯ ಪರದೆಯಲ್ಲಿ ಆಗಲೇ ಮೂಡುತ್ತಿತ್ತು. ಅಷ್ಟೇ ಅಲ್ಲ, ಕ್ಯಾಮೆರಾ ಏನನ್ನು ನೋಡುತ್ತಿದೆಯೋ ಅದೆಲ್ಲ ಪರದೆಯ ಮೇಲೆ ಸಿನಿಮಾದಂತೆ ಓಡುತ್ತಿತ್ತು. ಮೌಸ್ ಆಡಿಸಿದರೆ ಬೆಳಕು ಹೆಚ್ಚುಕಡಿಮೆ ಮಾಡಬಹುದು, ಯಾವ ಮುಖ ಸ್ಪಷ್ಟವಾಗಬೇಕೋ ಆ ಮುಖದ ಮೇಲೆ ಗುರಿ ಇಡಬಹುದು, ಕೂತಲ್ಲಿಂದಲೇ ಫೋಟೋ ತೆಗೆಯಲೂಬಹುದು. ಬೇಕಾದರೆ ಆ ಕ್ಲಿಕ್ ಸದ್ದನ್ನೂ ಆರಿಸಿಬಿಡಬಹುದು.

ಗಂಡನಿಗೆ ಹೊಸ ಆಟಿಕೆ ಸಿಕ್ಕಂತಾಯಿತು. ಅವಳು ಒಬ್ಬ ವಕೀಲರನ್ನು ಬೈದು ಬೈದು ದಾರಿಗೆ ತರುತ್ತಿದ್ದಾಗ ಕ್ಯಾಮೆರಾ ತಾನಾಗಿ ಟಕ್ಕೆಂದಿತು. ಅವಳು ಬೆಚ್ಚಿ ಕೈ ಹಿಂದೆಳೆದಳು. ಪ್ಲೈವುಡ್ಡಿನಾಚೆಯಿಂದ ದನಿ ಬಂತು: "ಚೆನ್ನಾಗಿ ಬಂತು ಕಣೇ, ಸಾಕು, ಕಳ್ಸು ಅವರನ್ನ."

ವಕೀಲರು ಹೋದ ಮೇಲೆ ಅವಳು ಆ ಕೋಣೆಗೆ ನುಗ್ಗಿದಳು. "ನಾನು ಮುಖ ನೋಡ್ಕೊಂಡು ನಿಂತಿರ್ತೀನಿ, ನೀವು ಗೋಡೆ ಹಿಂದೆ ಕೂತು ಕಲ್ಲು ಹೊಡೀತೀರಾ? ಅವರ ಕಣ್ಣಲ್ಲಿ ಇನ್ನೂ ಕೋರ್ಟಿತ್ತು ರೀ. ಮನುಷ್ಯ ಬಂದಿರ್ಲಿಲ್ಲ."

"ಯಾರು ಒತ್ತಿದ್ರೇನು, ಫೋಟೋ ಬಂದ್ರೆ ಸಾಕಲ್ವಾ?"

"ಹಾಗಾದ್ರೆ ನಾಳೆಯಿಂದ ಅಡುಗೆಗೆ ಉಪ್ಪು ನಾನು ಹಾಕ್ತೀನಿ, ಪಕ್ಕದ ಮನೆಯವಳೂ ಕಿಟಕಿಯಿಂದ ಕೈ ಹಾಕಿ ಹಾಕ್ಲಿ. ಉಪ್ಪು ಬಿದ್ರೆ ಸಾಕಲ್ವಾ?"

ಮಹಡಿಯಿಂದ ಅತ್ತೆ ನಕ್ಕ ಸದ್ದು ಕೇಳಿತು. ಅವತ್ತು ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಫೋಟೋಗಳು ಆಚೆ ಕಂಪ್ಯೂಟರಿಗೆ ಹೋಗಲಿ, ಅವನು ನೋಡಲಿ, ತಿದ್ದಲಿ. ಆದರೆ ಬಟನ್ ಅವಳದು. ಅವಳು ಹೇಳದೆ ಅವನು ಆ ಕಡೆಯಿಂದ ಒತ್ತಕೂಡದು. "ಆಯ್ತು ಮಾರಾಯ್ತಿ, ಮಾತು ಕೊಟ್ಟೆ" ಅಂದ ಗಂಡ. ಅವನು ಮಾತು ಕೊಟ್ಟ ರೀತಿಯೂ ಅವನ ನಗುವಿನಷ್ಟೇ ಹಗುರವಾಗಿತ್ತೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಗುರುತಿನ ಚೀಟಿಯ ಫೋಟೋಗೆಂದು ಬಂದದ್ದು ಅದಾಗಿ ಕೆಲವು ತಿಂಗಳ ಮೇಲೆ. ಊರಿಗೆಲ್ಲ ಪರಿಚಿತ ಮುಖ ಅದು. ಅವರು ವಾರ್ಡಿಗೆ ಕಾಲಿಟ್ಟರೆ ನರಳುವವರೂ ನರಳುವುದನ್ನು ನಿಲ್ಲಿಸಿ ನೆಟ್ಟಗೆ ಮಲಗುತ್ತಾರೆಂದು ತಮಾಷೆ ಮಾಡುತ್ತಿದ್ದರು. ಅವರ ಒಬ್ಬಳೇ ತಂಗಿ ಕಾಯಿಲೆ ಬಿದ್ದು, ಅದೇ ಆಸ್ಪತ್ರೆಯಲ್ಲಿ ಅವರ ಕೈಯಲ್ಲೇ ಶುಶ್ರೂಷೆ ಮಾಡಿಸಿಕೊಂಡು ತೀರಿಹೋಗಿದ್ದಳು. ರಜೆ ಮುಗಿದು ಕೆಲಸಕ್ಕೆ ಮರಳುವ ಮೊದಲು ಚೀಟಿ ಹೊಸದಾಗಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತರು.

ಸ್ಟುಡಿಯೋ ಅಕ್ಕ ದೀಪ ಸರಿ ಮಾಡಿ, ರೂಢಿಯಂತೆ, "ಸಿಸ್ಟರ್, ಕತ್ತು ಸ್ವಲ್ಪ ಸಡಿಲ ಬಿಡಿ. ಇಂಜೆಕ್ಷನ್ ಕೊಡೋರು ನೀವು, ನಾನಲ್ಲ" ಅಂದಳು. ಸಿಸ್ಟರ್ ನಗಲು ಹೋದರು. ತುಟಿ ಅರ್ಧಕ್ಕೆ ಬಂದು ಅಲ್ಲೇ ನಡುಗಿತು. "ಅವಳೂ ಹಿಂಗೇ ಏನಾದ್ರೂ ಅಂತಿದ್ಲು" ಅಂದರು. ಅಷ್ಟರಲ್ಲಿ ಮುಖ ಕುಸಿಯಿತು.

ಅಕ್ಕ ಕ್ಯಾಮೆರಾ ಬಿಟ್ಟಳು. "ಬಿಟ್ಟಿದ್ದೀನಿ ಸಿಸ್ಟರ್. ಯಾರೂ ತೆಗೀತಿಲ್ಲ." ಒಂದು ಸ್ಟೂಲು ಎಳೆದುಕೊಂಡು ಅವರ ಎದುರು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತು, ಅವರ ಎರಡೂ ಕೈ ಹಿಡಿದುಕೊಂಡಳು. ತಂಗಿಯ ಸಾವಿನ ದಿನವೂ ಅಳದ ಹೆಂಗಸು ಅಲ್ಲಿ ಬಾಯಿ ಬಿಟ್ಟು ಅತ್ತರು. ಅಳು ನಿಂತ ಮೇಲೆ ನೀರು ಕೊಟ್ಟು, ಮುಖ ತೊಳೆಸಿ, ಚೀಟಿಗೆ ಬೇಕಾದ ಫೋಟೋ ತೆಗೆದು ಕಳಿಸಿದಳು. ಅವರು ಹೋಗುವಾಗ ಬಾಗಿಲಲ್ಲಿ ನಿಂತು ಅವಳ ಭುಜ ಮುಟ್ಟಿ ಹೋದರು.

ಮರುವಾರ ಅಕ್ಕನ ಒಡಹುಟ್ಟಿದ ತಮ್ಮನ ಹೆಂಡತಿಗೆ ಹೆರಿಗೆಯಾಯಿತು. ಬಾಣಂತಿಗೆ ಆಸರೆಯಾಗಲು ಅವಳು ಅಲ್ಲಿಗೆ ಹೋಗಿ ಒಂದಷ್ಟು ದಿನ ಇದ್ದು ಬಂದಳು. ಬಸ್ಸಿಳಿದು ಚೀಲ ಹಿಡಿದು ಬೀದಿಯ ತಿರುವಿಗೆ ಬಂದಾಗ ಸ್ಟುಡಿಯೋದ ಮುಂದೆ ನಾಲ್ಕಾರು ಜನ ನಿಂತಿದ್ದರು. ಏನಾಯಿತೋ ಎಂದು ಹೆಜ್ಜೆ ಬಿರುಸು ಮಾಡಿದಳು.

ಶೋಕೇಸಿನಲ್ಲಿ ಹಳೆಯ ಮದುಮಕ್ಕಳು, ತೊಟ್ಟಿಲ ಮಕ್ಕಳು ಯಾರೂ ಇರಲಿಲ್ಲ. ಗಾಜಿನ ಅಗಲಕ್ಕೂ ಒಂದೇ ಫೋಟೋ. ಕಪ್ಪು ಬಿಳುಪು. ಸಿಸ್ಟರ್ ಮುಖ, ಮುಚ್ಚಿದ ಕಣ್ಣು, ತೆರೆದ ಬಾಯಿ, ಗಲ್ಲದಲ್ಲಿ ಹನಿ. ಮುಂದೆ ಕತ್ತಲಾಗಿ ಒಂದು ಹೆಂಗಸಿನ ಬೆನ್ನು, ಸಡಿಲಾದ ಜಡೆ, ಎಡಕ್ಕೆ ವಾಲಿದ ಹೆಗಲು, ನಾಲ್ಕು ಕೈ ಗಂಟುಹಾಕಿಕೊಂಡ ಹಾಗೆ.

ಅದು ತನ್ನ ಬೆನ್ನೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತನ್ನ ಬೆನ್ನನ್ನು ಯಾರು ನೋಡಿಕೊಂಡಿರುತ್ತಾರೆ? ಗುರುತು ಸಿಕ್ಕ ಮೇಲೆ ಕೋಪ ಹೊತ್ತಿಕೊಂಡಿತು. ಇನ್ನೂ ಉರಿದದ್ದು ಯಾಕೆಂದರೆ ಫೋಟೋ ಚೆನ್ನಾಗಿತ್ತು. ಅಷ್ಟು ವರ್ಷ ಕ್ಯಾಮೆರಾ ಹಿಡಿದ ಅವಳ ಕಣ್ಣಿಗೆ ಅದು ತಿಳಿಯದೆ ಹೋಗಲು ಸಾಧ್ಯವೇ ಇರಲಿಲ್ಲ.

ನಿಂತವರಲ್ಲಿ ಔಷಧಿ ಅಂಗಡಿಯವನು, "ಅಕ್ಕ, ನಿಮ್ಮೆಜಮಾನ್ರು ಕಮಾಲ್ ಮಾಡಿಬಿಟ್ಟಿದ್ದಾರೆ. ನಾನು ದಿನಾ ಬಂದು ನೋಡ್ತೀನಿ" ಅಂದ. ಅವಳು ನೇರ ಒಳಗೆ ಹೋದಳು. ಶೋಕೇಸಿನ ಹಿಂಬಾಗಿಲು ತೆರೆದು, ನಿಂತವರ ಮುಖದೆದುರಿಗೇ ಆ ದೊಡ್ಡ ಪ್ರಿಂಟನ್ನು ಕಿತ್ತು ಸುರುಳಿ ಸುತ್ತಿದಳು.

ಗಂಡ ಓಡಿಬಂದ. ಮುಖದಲ್ಲಿ ಅದೇ ನಗು. "ಬಂದ್ಯಾ? ನೋಡಿದ್ಯಾ? ನಗರದಲ್ಲಿ ಸ್ಪರ್ಧೆಗೆ ಕಳಿಸಿದ್ದೆ, ಮೊದಲನೇ ಬಹುಮಾನ ಬಂದಿದೆ. ಅಲ್ಲಿ ಪ್ರದರ್ಶನಕ್ಕೆ ಇದಕ್ಕಿಂತ ದೊಡ್ಡದು ಹಾಕಿದ್ದಾರೆ."

"ಬಟನ್ ಯಾರು ಒತ್ತಿದ್ದು?"

"ಬೆಳಕು ಹೆಂಗೆ ಬಿದ್ದಿತ್ತು ಅಂದ್ರೆ..."

"ಯಾರು ಒತ್ತಿದ್ದು ಅಂದೆ."

"ನಾನೇ. ಸದ್ದು ಆರಿಸಿದ್ದೆ, ನಿಮ್ಮಿಬ್ಬರಿಗೂ ತೊಂದ್ರೆ ಆಗ್ಬಾರ್ದು ಅಂತ."

ಸದ್ದು ಆರಿಸಿದ್ದೆ ಎಂಬುದನ್ನು ಅವನು ಉಪಕಾರದ ಮಾತಿನಂತೆ ಹೇಳಿದ. ಅವಳಿಗೆ ಉಳಿದದ್ದೆಲ್ಲ ಬೇಕಾದರೂ ನುಂಗಲು ಆಗುತ್ತಿತ್ತೇನೋ, ಅದೊಂದನ್ನು ನುಂಗಲಾಗಲಿಲ್ಲ. ಕೈ ತಪ್ಪಿ ಒತ್ತಿದ್ದಲ್ಲ, ಆಸೆ ತಡೆಯದೆ ಒತ್ತಿದ್ದೂ ಅಲ್ಲ. ಮೊದಲು ಸದ್ದು ಆರಿಸಿ, ಆಮೇಲೆ ಒತ್ತಿದ್ದು.

"ನೀನು ಕಳ್ಳ" ಅಂದಳು.

ಮದುವೆಯಾದಾಗಿನಿಂದ "ರೀ" ಎಂದೇ ಕರೆದವಳು ಮೊದಲ ಸಲ ಏಕವಚನಕ್ಕೆ ಇಳಿದಿದ್ದಳು. ಅವನ ನಗು ಆಗ ಹೋಯಿತು. "ಮಾತು ಹಿಡಿದು ಆಡು. ಅಷ್ಟು ವರ್ಷ ತೆಗೆದ್ಯಲ್ಲ, ಇಂಥದ್ದೊಂದು ಫೋಟೋ ನಿನ್ನ ಕೈಯಲ್ಲಿ ಬಂದಿದ್ಯಾ? ಅದೇ ನಿನ್ನ ಹೊಟ್ಟೆಯುರಿ."

"ಬಂದಿಲ್ಲ. ಯಾಕ್ ಬಂದಿಲ್ಲ ಗೊತ್ತಾ? ಇಂಥ ಹೊತ್ತಲ್ಲೆಲ್ಲಾ ನಾನು ಕ್ಯಾಮೆರಾ ಬಿಟ್ಟುಬಿಡ್ತಿದ್ದೆ. ಬಿಡ್ತಿದ್ದೆ ಅಂತಾನೇ ಅವರು ಅಳ್ತಿದ್ರು. ನನ್ನ ಮಾತು ನಂಬಿ ಅತ್ತವರ ಮುಖಾನ ನೀನು ಗೋಡೆ ಹಿಂದೆ ಕೂತು ಕದ್ದೆ. ನನ್ನ ಬೆನ್ನನ್ನೂ ಕದ್ದೆ."

ಕೂಗಾಟ ಮಹಡಿಗೆ ಕೇಳಿ ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು. ಸುರುಳಿ ಬಿಚ್ಚಿಸಿ ನೋಡಿದರು. ಬಹಳ ಹೊತ್ತು ನೋಡಿ ಮಗನಿಗೆ, "ಅಳೋರ ಮುಖ ಅಂಗಡಿಗೆ ಹಾಕಿ ಉಣ್ಣೋ ಗತಿ ನಮಗೆ ಬಂದಿಲ್ಲ ಕಣೋ" ಅಂದರು. ಅಮ್ಮನೂ ಆ ಕಡೆ ಸೇರಿದಳೆಂದು ಅವನು ಮುನಿಸಿಕೊಂಡು ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡ.

ಮರುದಿನ ಅಕ್ಕ ಆಸ್ಪತ್ರೆಗೆ ಹೋದಳು. ಸಿಸ್ಟರ್ ವಾರ್ಡಿನ ಕೊನೆಯ ಕೋಣೆಯಲ್ಲಿ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದರು. ಇವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಸಿಸ್ಟರ್, ನಾನು ಊರಲ್ಲಿರ್ಲಿಲ್ಲ. ಅದನ್ನ ತೆಗೆದಿದ್ದೂ ನಾನಲ್ಲ. ನಮ್ಮನೆಯವರು ಆ ಕಡೆ ಕೋಣೆಯಿಂದ, ಕಂಪ್ಯೂಟರಲ್ಲಿ..."

"ಯಾರಾದ್ರೇನು" ಅಂದರು ಸಿಸ್ಟರ್. "ನೀವು ಬಿಟ್ಟಿದ್ದೀನಿ ಅಂದ್ರಿ. ಅದಕ್ಕೇ ನಾನು ಅತ್ತಿದ್ದು."

ಅವರು ಜಗಳಕ್ಕೆ ಬಂದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಸಿಸ್ಟರ್ ದನಿ ಹೊದಿಕೆಗಳಷ್ಟೇ ಒಪ್ಪವಾಗಿತ್ತು.

"ಮೊನ್ನೆ ಇಲ್ಲಿ ಹೊಸದಾಗಿ ಸೇರಿದ ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು, ನಿಮ್ಮ ಫೋಟೋ ನೋಡಿ ನನಗೂ ಅಳು ಬಂತು ಸಿಸ್ಟರ್ ಅಂದ್ರು. ರಾತ್ರಿಯೆಲ್ಲ ಅವರಿಗೆ ನಿದ್ರೆ ಬರ್ಲಿಲ್ಲ. ಈ ವಾರ್ಡಲ್ಲಿ ನಾನು ಅಳೋ ಹಾಗಿಲ್ಲ. ನಾನು ಅತ್ತರೆ ರೋಗಿಗಳು ತಾವು ಸಾಯ್ತೀವಿ ಅಂದ್ಕೊಳ್ತಾರೆ. ಇಷ್ಟು ವರ್ಷ ಕಟ್ಟಿದ್ದ ಮುಖ ಇದು. ನಾನು ಈಗ ನಿಮ್ಮ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಬರ್ತೀನಿ."

"ಕಿತ್ತು ಹಾಕಿದ್ದೀನಿ."

"ಎಲ್ಲಾ ಕಡೆಯಿಂದನಾ?"

ಅಕ್ಕ ಅಲ್ಲಿಂದ ಹೊರಟಳು. ಹೊರಗೆ ಬಂದಾಗ ಅವಳಿಗೆ ಗಂಡನ ಮೇಲಿನ ಕೋಪದ ಜೊತೆ ಇನ್ನೊಂದು ಕೋಪ ಸೇರಿಕೊಂಡಿತ್ತು. ಆ ಕೋಣೆಯಲ್ಲಿ ಏನಾಗುತ್ತದೆಂಬುದು ತನ್ನ ಕೈಯಲ್ಲಿದೆ ಎಂದು ನಂಬಿಕೊಂಡು, ಒಪ್ಪಂದದ ಮೇಲೆ ಪ್ಲೈವುಡ್ಡಿನ ಆಚೆ ಏನು ನಡೆಯುತ್ತದೆಂದು ಒಂದು ದಿನವೂ ಇಣುಕಿ ನೋಡದ ತನ್ನ ಮೇಲಿನ ಕೋಪ ಅದು.

ಪ್ರದರ್ಶನದಿಂದ ಫೋಟೋ ವಾಪಸು ತೆಗೆಸು ಎಂದರೆ ಗಂಡ ಒಪ್ಪಲಿಲ್ಲ. ಮರ್ಯಾದೆ ಹೋಗುತ್ತದೆ ಅಂದ. ಒಂದೆರಡು ದಿನ ಬಿಟ್ಟರೆ ಅವರೇ ತೆಗೆಯುತ್ತಾರೆ ಅಂದ. ಅವಳು ಸೀರೆ ಬದಲಿಸಿ ಹೊರಟಳು. ಅತ್ತೆ ಚಪ್ಪಲಿ ಹುಡುಕುತ್ತಿದ್ದರು. "ನೀವೆಲ್ಲಿಗೆ, ಮೊಣಕಾಲು ಇಟ್ಕೊಂಡು?" ಎಂದರೆ, "ನೀನು ಅಲ್ಲಿ ಯಾರ್ದಾದ್ರೂ ತಲೆ ಒಡೆಯೋಕೆ ಹೋದ್ರೆ ಹಿಡಿಯೋಕೆ ಒಬ್ಬರು ಬೇಡ್ವಾ?" ಅಂದರು. ಅತ್ತೆ ಸೊಸೆ ಬಸ್ಸು ಹತ್ತಿದರು.

ಪ್ರದರ್ಶನದ ಹಾಲಿನಲ್ಲಿ ಮೆಲುದನಿ, ಒಳ್ಳೆಯ ಬಟ್ಟೆ, ಕೈಯಲ್ಲಿ ಕಾಗದದ ಲೋಟ ಹಿಡಿದ ಜನ. ಎದುರು ಗೋಡೆಯಲ್ಲಿ ಅದೇ ಫೋಟೋ, ಬಾಗಿಲಷ್ಟು ಎತ್ತರ. ಕೆಳಗೆ ಗಂಡನ ಹೆಸರು. ಅಕ್ಕ ನೇರ ಹೋಗಿ ಉಸ್ತುವಾರಿಯವರಿಗೆ ಹೇಳಿದಳು: "ಇದನ್ನ ಇಳಿಸಿ."

ಉಸ್ತುವಾರಿಯವರು ಒಳ್ಳೆಯ ಮನುಷ್ಯರೇ. "ಅಮ್ಮ, ಫೋಟೋ ಕಳಿಸಿದವರು ಹೇಳಿದ್ರೆ ಇಳಿಸ್ತೀವಿ. ನೀವು ಅವರಿಗೆ ಏನಾಗ್ಬೇಕು?"

"ಹೆಂಡ್ತಿ. ಅದು ಬಿಡಿ. ನಾನು ಫೋಟೋದಲ್ಲಿರೋಳು."

ಅವರು ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಗೋಡೆಯ ಮೇಲಿನ ಸಿಸ್ಟರ್ ಮುಖ ನೋಡಿದರು. "ಇದು ನೀವಲ್ವಲ್ಲಮ್ಮ."

ಅಕ್ಕ ತಿರುಗಿ ಅವರಿಗೆ ಬೆನ್ನು ಮಾಡಿ ನಿಂತಳು. ಅದೇ ಸಡಿಲ ಜಡೆ, ಅದೇ ಎಡಕ್ಕೆ ವಾಲಿದ ಹೆಗಲು. ಸುತ್ತ ಇದ್ದ ಒಬ್ಬಿಬ್ಬರು ಕಿಸಕ್ಕೆಂದರು. ಅವಳು ತಿರುಗದೆ ನಿಂತೇ ಮಾತಾಡಿದಳು. "ಈ ಬೆನ್ನು ನಂದು. ನನ್ನನ್ನ ಯಾರೂ ಕೇಳಿಲ್ಲ. ಎದುರಿಗೆ ಅಳ್ತಿರೋರನ್ನಂತೂ ಕೇಳೇ ಇಲ್ಲ. ನಾನು ಫೋಟೋ ತೆಗೆಯೋಳು. ಕ್ಯಾಮೆರಾ ಬಿಟ್ಟಿದ್ದೀನಿ ಅಂತ ಹೇಳಿ ಅವರನ್ನ ಅಳೋಕೆ ಬಿಟ್ಟೆ. ಗೋಡೆ ಆಚೆ ಕಂಪ್ಯೂಟರಲ್ಲಿ ಕೂತು, ಸದ್ದು ಆರಿಸಿ ತೆಗೆದಿದ್ದು ಇದು. ನಿಮಗೆ ಇದು ಚೆಂದ ಕಾಣ್ತಿದೆ, ನನಗೂ ಕಾಣುತ್ತೆ. ನಿಮ್ಮ ಮನೆಯವರು ಯಾರಾದ್ರೂ ಸತ್ತಾಗ ನೀವು ಅತ್ತಿರ್ತೀರಲ್ಲ, ಆ ಮುಖ ತಂದು ಇದರ ಪಕ್ಕ ಹಾಕಿ. ಆಗ ಇದೂ ಇರ್ಲಿ."

ಕಿಸಕ್ಕೆಂದವರು ನೆಲ ನೋಡಿದರು. ಅತ್ತೆ ಒಂದು ಕುರ್ಚಿ ಎಳೆದುಕೊಂಡು ಫೋಟೋದ ಕೆಳಗೇ ಕೂತು, "ಇಳಿಸೋ ತನಕ ಇಲ್ಲೇ ಇರ್ತೀನಪ್ಪ. ನನಗೆ ಮನೇಲೂ ಕೂರೋದೇ ಕೆಲ್ಸ" ಅಂದರು. ಉಸ್ತುವಾರಿಯವರು ಯಾರಿಗೋ ಫೋನ್ ಮಾಡಿ ಬಂದು, ಸೇವಕನಿಂದ ಏಣಿ ತರಿಸಿ ಫೋಟೋ ಇಳಿಸಿದರು. ಬಹುಮಾನವೂ ರದ್ದಾಯಿತು.

ಗಂಡ ವಾರಗಟ್ಟಲೆ ಮಾತಾಡಲಿಲ್ಲ. ಅವಳಿಗೂ ಮಾತು ಬೇಕಿರಲಿಲ್ಲ. ಆದರೆ ಕೆಲಸವೊಂದು ಬಾಕಿ ಇತ್ತು. ಒಂದು ಮಧ್ಯಾಹ್ನ ಕಂಪ್ಯೂಟರ್ ಕೋಣೆಗೆ ಹೋಗಿ, "ಆ ಕಡೆ ಸರ್ಕೋ. ಇದು ಏನೇನು ಮಾಡುತ್ತೆ ಎಲ್ಲಾ ತೋರಿಸು" ಅಂದಳು. ಅವನು ಬಿಗುಮಾನದಿಂದಲೇ ತೋರಿಸತೊಡಗಿದ. ಇಲ್ಲಿಂದ ಬೆಳಕು, ಇಲ್ಲಿಂದ ಫೋಕಸ್ಸು, ಇಲ್ಲಿ ಸದ್ದು. ಪರದೆಯ ಮೇಲೆ ಪಕ್ಕದ ಕೋಣೆಯ ಖಾಲಿ ಕುರ್ಚಿ ಕಾಣುತ್ತಿತ್ತು. ಅಷ್ಟು ದಿನವೂ ಈ ಗೂಡಿನಲ್ಲಿ ಕೂತವನಿಗೆ ಎಲ್ಲರೂ ಹೀಗೇ ಕಾಣುತ್ತಿದ್ದರು. ಮೂಗು ಒರೆಸಿಕೊಳ್ಳುವವರು, ಸೆರಗು ಸರಿಮಾಡಿಕೊಳ್ಳುವವರು, ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುವವರು. ಅವಳಿಗೆ ಮೈ ಉರಿಯಿತು.

"ಇದನ್ನೆಲ್ಲಾ ನೋಡ್ತಾ ಕೂತಿರ್ತಿದ್ಯಾ?"

ಅವನು ತಲೆ ತಗ್ಗಿಸಿದ. "ಕೆಲಸ ಇಲ್ಲದಾಗ" ಅಂದ. ಆಮೇಲೆ, "ಎಲ್ಲರೂ ನಿನ್ನ ಹತ್ರ ಮಾತಾಡೋರು. ನನ್ನ ಹತ್ರ ಬಿಲ್ ಕೇಳೋರು ಅಷ್ಟೆ" ಅಂದ. ಅದು ನಿಜವಿರಬಹುದೆಂದು ಅವಳಿಗೆ ಅನ್ನಿಸಿತು. ಆದರೂ ಕೋಪ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಸಿಸ್ಟರ್ ಫೋಟೋ ಎಲ್ಲೆಲ್ಲಿ ಉಳಿಸಿದ್ದನೋ ಅಲ್ಲೆಲ್ಲ ಹುಡುಕಿಸಿ ಅಳಿಸಿದಳು. ಸುರುಳಿಯನ್ನು ಆಸ್ಪತ್ರೆಗೆ ಒಯ್ದು ಸಿಸ್ಟರ್ ಕೈಗೇ ಕೊಟ್ಟಳು. ಗಂಡನನ್ನೂ ಜೊತೆಗೆ ಕರೆದೊಯ್ದಿದ್ದಳು. ಅವನು "ತಪ್ಪಾಯ್ತು ಸಿಸ್ಟರ್" ಅಂದಾಗ ಅವರು, "ಆಯ್ತು, ಹೋಗಿ. ಇದು ರೋಗಿಗಳು ಮಲಗೋ ಹೊತ್ತು" ಅಂದರು. ಅದು ಕ್ಷಮೆಯೋ ಅಲ್ಲವೋ ಇಬ್ಬರಿಗೂ ತಿಳಿಯಲಿಲ್ಲ. ಸಿಸ್ಟರ್ ಇವತ್ತಿಗೂ ನಮ್ಮ ಬೀದಿಗೆ ಬರುವುದಿಲ್ಲ.

ಆಮೇಲೆ ಅಕ್ಕ ಬಡಗಿಯನ್ನು ಕರೆಸಿ ಪ್ಲೈವುಡ್ ಗೋಡೆ ಕೀಳಿಸಿದಳು. ಕಂಪ್ಯೂಟರ್ ಈಗ ಫೋಟೋ ಕೋಣೆಯಲ್ಲೇ ಇದೆ, ಪರದೆ ಕೂತವರ ಕಡೆಗೆ ತಿರುಗಿದೆ. ಕ್ಯಾಮೆರಾ ನೋಡುವುದನ್ನೆಲ್ಲ ಅವರೂ ನೋಡುತ್ತಾರೆ. ಯಾರಿಗಾದರೂ ಮುಖ ಬಾಡಿದರೆ ಅವಳು ಬರೀ ಬಾಯಿಮಾತಿನಲ್ಲಿ ಬಿಟ್ಟಿದ್ದೀನಿ ಅನ್ನುವುದಿಲ್ಲ, ಬ್ಯಾಟರಿಯನ್ನೇ ತೆಗೆದು ಅವರ ಅಂಗೈಗೆ ಕೊಡುತ್ತಾಳೆ. ಗಂಡ ಅಲ್ಲೇ ಮೂಲೆಯಲ್ಲಿ ಕೂತು ತಿದ್ದುವ ಕೆಲಸ ಮಾಡುತ್ತಾನೆ. ಅವಳು ಅವನನ್ನು ಇನ್ನೂ ಏಕವಚನದಲ್ಲೇ ಮಾತಾಡಿಸುತ್ತಾಳೆ. ಬೀದಿ ಅದನ್ನು ಗಮನಿಸಿ ಅವನಿಗಾಗಿ ಮತ್ತಷ್ಟು ನಿಟ್ಟುಸಿರು ಬಿಟ್ಟಿತು.

ಮೊನ್ನೆ ಔಷಧಿ ಅಂಗಡಿಯವನು ಹೆಂಡತಿಯನ್ನು ಫೋಟೋಗೆ ಕರೆತಂದಿದ್ದ. ಅವಳು ತಲೆ ಬಾಚಿಕೊಳ್ಳುತ್ತಿರುವಾಗ ಅವನು, "ಏನೇ ಅನ್ನಿ ಅಕ್ಕ, ಅಂಥ ಫೋಟೋನ ಅಳಿಸಿಬಿಟ್ರಲ್ಲ, ಹೊಟ್ಟೆ ಉರಿಯುತ್ತೆ" ಅಂದ.

ಅಕ್ಕ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಗಂಡ, "ನಿಮಗೆ ಫೋಟೋ ಬೇಕಿದ್ರೆ ಸುಮ್ನೆ ಕೂತ್ಕೊಳ್ಳಿ. ಇಲ್ಲಾಂದ್ರೆ ಹೊರಗೆ ನಿಂತ್ಕೊಳ್ಳಿ" ಅಂದ. ದನಿ ಏರಿತ್ತು. ಔಷಧಿ ಅಂಗಡಿಯವನು ಕಕ್ಕಾಬಿಕ್ಕಿಯಾಗಿ ಹೊರಗೆ ಹೋಗಿ ನಿಂತ.

ಅಕ್ಕ ಗಂಡನ ಕಡೆ ತಿರುಗಿ ನೋಡಲಿಲ್ಲ. "ಹೆಗಲು ಇಳಿಸಮ್ಮ" ಎಂದು ಆ ಹೆಂಗಸಿಗೆ ಗದರಿ, ಬೆಳಕು ನೋಡಲು ಬಗ್ಗಿದಳು.